ಮೂರು ತಿಂಗಳ ಸಿಪಾಯಿ

ಓದುಗರ ಪತ್ರ: ಅಮೆರಿಕದ ಸ್ವಾತಂತ್ರ್ಯ ಸಮರ ಕುರಿತ ಲೇಖನದಲ್ಲಿ, ಮೂರು ತಿಂಗಳು ಬಂದೂಕು ಹಿಡಿದು ಊರಿಗೆ ಮರಳುತ್ತಿದ್ದ ಮಿಲಿಷಿಯಾ ಎಂಬ ನಾಗರಿಕ ಪಡೆಯವರನ್ನೂ ‘ಯೋಧರು’ ಎಂದಿದ್ದೀರಿ. ಇಪ್ಪತ್ತೆಂಟು ವರ್ಷ ಸೇನೆಯಲ್ಲಿದ್ದ ನನಗೆ ಇದು ಒಪ್ಪಿಗೆಯಿಲ್ಲ.
– ನಿವೃತ್ತ ಸುಬೇದಾರರು, ಹಾವೇರಿ

ಸಂಪಾದಕರ ಉತ್ತರ: ಸುಬೇದಾರರೇ, ಆ ಸಮರದಲ್ಲಿ ಅಮೆರಿಕದ ಸೇನಾಪತಿಯಾಗಿದ್ದ ಜಾರ್ಜ್ ವಾಷಿಂಗ್ಟನ್ ನಿಮ್ಮ ಪಕ್ಷ. ಮಿಲಿಷಿಯಾವನ್ನು ನೆಚ್ಚುವುದೆಂದರೆ ಮುರಿದ ಊರುಗೋಲಿಗೆ ಮೈಭಾರ ಹಾಕಿದಂತೆ ಎಂದು 1776ರಲ್ಲಿ ಅವರು ಕಾಂಗ್ರೆಸ್ಸಿಗೆ (ಅಲ್ಲಿನ ಪ್ರತಿನಿಧಿ ಸಭೆಗೆ) ಬರೆದಿದ್ದರು. ಆದರೂ ನಾನು ಲೇಖಕರ ಕಡೆಗೇ ನಿಲ್ಲುತ್ತೇನೆ.

ಮಿಲಿಷಿಯಾದವ ಮೊದಲು ರೈತ. ವರ್ಜೀನಿಯಾದಲ್ಲಿ 16ರಿಂದ 50 ವರ್ಷದ ಸ್ವತಂತ್ರ ಗಂಡಸರ ಹೆಸರು ಮಿಲಿಷಿಯಾ ಪಟ್ಟಿಯಲ್ಲಿರುತ್ತಿತ್ತು (ಗುಲಾಮರು ಆ ಲೆಕ್ಕಕ್ಕೆ ಬರುತ್ತಿರಲಿಲ್ಲ). ಸರದಿ ಬಂದರೆ ಹೊರಡಬೇಕು. ಸರದಿ ಕೊಯ್ಲಿನ ಹೊತ್ತಿಗೇ ಬಂದರೆ ಪೈರೆಲ್ಲ ಹೆಂಡತಿ ಮಕ್ಕಳ ಹೆಗಲಿಗೆ. ಅಪ್ಪನಿಗೆ ಬಂದ ಕರೆಗೆ ಮಗ ಓಗೊಟ್ಟು ಹೋದದ್ದೂ ಉಂಟು. ಸಂಬಳವೋ, ಕಾಗದದ ಹಣ. 1780ರ ಮಾರ್ಚಿನಲ್ಲಿ ಕಾಂಗ್ರೆಸ್ಸೇ ಅದರ ಬೆಲೆಯನ್ನು ನಲವತ್ತಕ್ಕೆ ಒಂದರಂತೆ ಇಳಿಸಿತು.

ಇಂಥವರಿಂದ ಎಷ್ಟು ಕೇಳಬೇಕೆಂದು ಅಮೆರಿಕದ ದಂಡನಾಯಕ ಡೇನಿಯಲ್ ಮಾರ್ಗನ್ನರಿಗೆ ಗೊತ್ತಿತ್ತು. 1781ರ ಜನವರಿ 17ರಂದು ದಕ್ಷಿಣ ಕೆರೊಲಿನಾದ ಕೌಪೆನ್ಸ್‌ನಲ್ಲಿ ಬ್ರಿಟಿಷರೊಡನೆ ನಡೆದ ಕಾಳಗದಲ್ಲಿ ಅವರು ಮಿಲಿಷಿಯಾದವರಿಂದ ಕೇಳಿದ್ದು ಎರಡು ಸುತ್ತು ಗುಂಡು ಮಾತ್ರ. ಆಮೇಲೆ ಹಿಂದೆ ಸರಿಯಲು ಅಪ್ಪಣೆಯೇ ಇತ್ತು. ಗೆಲುವು ಅವರದಾಯಿತು.

ನನ್ನ ಮನಸ್ಸು ಕರಗುವುದು ಐವತ್ತು ವರ್ಷಗಳ ಮುಂದಿನ ಕಥೆಗೆ. 1832ರ ಕಾನೂನು, ಸೇವೆಯೆಲ್ಲ ಕೂಡಿ ಎರಡು ವರ್ಷವಾದರೆ ಪೂರ್ಣ ಪಿಂಚಣಿ, ಕನಿಷ್ಠ ಆರು ತಿಂಗಳಿದ್ದರೂ ಅದಕ್ಕೆ ತಕ್ಕ ಪಾಲು ಎಂದಿತು. ಎಪ್ಪತ್ತು ದಾಟಿದ ಮುದುಕರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಬಿಡುಗಡೆ ಚೀಟಿ ಎಂದೋ ಕಳೆದುಹೋಗಿತ್ತು. ಮೊದಲ ಸಲ ಯಾವ ಕ್ಯಾಪ್ಟನ್, ಎರಡನೆಯ ಸಲ ಯಾವ ನದಿ ದಾಟಿದ್ದು, ಎಷ್ಟು ವಾರ: ಎಲ್ಲವನ್ನೂ ನೆನಪಿನಿಂದಲೇ ಹೇಳಿ ಬರೆಸಬೇಕು. ನೆರೆಯವರೂ ಪಾದ್ರಿಯೂ ಸಾಕ್ಷಿ. ಅಲ್ಲಿ ಮೂರು ತಿಂಗಳು, ಇಲ್ಲಿ ಆರು ವಾರ ಎಂದು ಕೂಡಿಸುವಾಗ ಒಂದು ಸರದಿ ಮರೆತರೂ ಅಷ್ಟು ಹಣ ಖೋತಾ.

1836ರಲ್ಲಿ ವಿಧವೆಯರಿಗೂ ದಾರಿ ತೆರೆಯಿತು, ಆದರೆ ಮದುವೆಗೆ ಪುರಾವೆ ಬೇಕು. ಮನೆಯ ಬೈಬಲ್ಲಿನಲ್ಲಿ ಮದುವೆ, ಮಕ್ಕಳ ಹುಟ್ಟು, ಸಾವು ಬರೆದಿಟ್ಟಿದ್ದ ಹಾಳೆಯನ್ನೇ ಎಷ್ಟೋ ಮಂದಿ ಹರಿದು ಕಳುಹಿಸಿದರು. ಅಂಥ ಹಾಳೆಗಳು ಅಮೆರಿಕದ ರಾಷ್ಟ್ರೀಯ ಪತ್ರಾಗಾರದ ಕಡತಗಳಲ್ಲಿ ಉಳಿದಿವೆ. ನಿಮ್ಮ ಪಿಂಚಣಿ ಕಾಗದಗಳನ್ನು ಮನೆಯಲ್ಲಿ ಯಾರು ಜೋಪಾನ ಮಾಡಿದ್ದಾರೆಂದು ನಾನು ಕೇಳುವುದಿಲ್ಲ.

ಒಂದು ತಪ್ಪು ನಮ್ಮದು. ಬದಲಿಗೆ ಹೋದವರನ್ನೆಲ್ಲ ಲೇಖನದಲ್ಲಿ ‘ಬಾಡಿಗೆ ಆಳುಗಳು’ ಎಂದು ಅಚ್ಚು ಹಾಕಿದ್ದೇವೆ. ಹಣ ಪಡೆದು ಹೋದವರಿದ್ದರು, ನಿಜ. ಅಪ್ಪನ ಬದಲು ಹೋದ ಹುಡುಗನಿಗೆ ಆ ಮಾತು ಸಲ್ಲದು. ಮುಂದಿನ ಸಂಚಿಕೆಯಲ್ಲಿ ಅದನ್ನು ತಿದ್ದುತ್ತೇವೆ. ‘ಯೋಧ’ ಹಾಗೆಯೇ ಇರಲಿ.