ಸೆಕೆಂಡ್ ಹ್ಯಾಂಡ್ ನಿಂಜಾ 1000ಎಸ್‌ಎಕ್ಸ್: ಟೋಕನ್ ಕೊಡುವ ಮೊದಲು, ಸೈಲೆನ್ಸರ್ ಕೊಳ್ಳುವ ಮೊದಲು

ದಾವಣಗೆರೆಯ ಗೆಳೆಯರು ಕೇಳಿರೋದು ಇಷ್ಟು. ಬೆಂಗಳೂರಿನ ಒಬ್ಬ ಸೆಕೆಂಡ್ ಹ್ಯಾಂಡ್ ಡೀಲರ್ ಹತ್ತಿರ 2021ರ ಕವಾಸಕಿ ನಿಂಜಾ 1000ಎಸ್‌ಎಕ್ಸ್ ಇದೆ. ಮೀಟರ್‌ನಲ್ಲಿ 18 ಸಾವಿರ ಕಿ.ಮೀ. ಇದೆ. "ಇನ್ನಿಬ್ಬರು ನೋಡ್ಕೊಂಡು ಹೋಗಿದ್ದಾರೆ, ಇವತ್ತೇ ಟೋಕನ್ (ಮುಂಗಡ) ಹಾಕಿಬಿಡಿ" ಅಂತ ಡೀಲರ್ ಅವಸರ ಮಾಡುತ್ತಿದ್ದಾರೆ. ಗಾಡಿ ಬಂದ ತಕ್ಷಣ ಸೈಲೆನ್ಸರ್ ಬದಲಾಯಿಸಿ ಇಸಿಯು ರೀಮ್ಯಾಪ್ (ಎಂಜಿನ್ ನಡೆಸುವ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ) ಮಾಡಿಸಬೇಕಾ? ಮನೆಯವರೂ ಲಾಂಗ್ ಟ್ರಿಪ್‌ಗೆ ಬರ್ತಾರೆ, ಅದಕ್ಕೆ ಏನು ಮಾಡಿಸಬೇಕು? ಸರ್ವಿಸ್ ಕಥೆ ಏನು? ನನ್ನ ಹತ್ತಿರ ಇರೋದೂ ಇದೇ ಗಾಡಿ, ನಾನೂ ಬೆಂಗಳೂರಿನಿಂದ ದೂರ ಇರುವವನೇ. ಹಾಗಾಗಿ ಸ್ವಲ್ಪ ಉದ್ದವಾಗೇ ಬರೆಯುತ್ತೇನೆ.

ಮೊದಲು ಟೋಕನ್ ವಿಷಯ. ಗಾಡಿ ನೋಡದೆ ಒಂದು ರೂಪಾಯಿ ಹಾಕಬೇಡಿ. ಈ ಗಾಡಿ ಸೇಲ್‌ಗೆ ಬರೋದು ಅಪರೂಪವೇನಲ್ಲ. ಇದು ಹೋದರೆ ಇನ್ನೊಂದು ಸಿಗುತ್ತದೆ. ನೋಡಿ ಒಪ್ಪಿದ ಮೇಲೆ ಟೋಕನ್ ಕೊಡುವುದಾದರೆ ರಶೀದಿಯಲ್ಲಿ ಚಾಸಿ ನಂಬರ್, ಒಪ್ಪಿದ ರೇಟು, ಕಾಗದಪತ್ರದಲ್ಲಿ ತೊಂದರೆ ಬಂದರೆ ಪೂರ್ತಿ ವಾಪಸ್ ಅನ್ನೋ ಸಾಲು, ಮೂರೂ ಇರಬೇಕು.

ಹೋಗುವ ಮೊದಲೇ ಫೋನಲ್ಲಿ ಕೇಳಿ: ಗಾಡಿ ಯಾರ ಹೆಸರಲ್ಲಿದೆ? ಬೆಂಗಳೂರಲ್ಲಿ ಎಷ್ಟೋ ಗಾಡಿಗಳು ಷೋರೂಮಿನಲ್ಲಿ ಸುಮ್ನೆ ನಿಂತಿರುತ್ತವೆ, ಓನರ್ ಬೇರೆ ಇರುತ್ತಾರೆ, ಡೀಲರ್ ಕಮಿಷನ್‌ಗೆ ಮಾರುತ್ತಾರೆ. ಅದು ತಪ್ಪಲ್ಲ. ಆದರೆ 2023ರ ಏಪ್ರಿಲ್‌ನಿಂದ ಸೆಕೆಂಡ್ ಹ್ಯಾಂಡ್ ಡೀಲರ್‌ಗಳಿಗೆ ಆರ್‌ಟಿಒ ಕಡೆಯಿಂದ ಅಧಿಕೃತ ಪತ್ರ ಇರಬೇಕು ಅಂತ ನಿಯಮ ಬಂದಿದೆ. ಆ ಪತ್ರ ಫಾರ್ಮ್ 29ಬಿ. ಓನರ್ ಗಾಡಿಯನ್ನು ಡೀಲರ್ ಕೈಗೆ ಒಪ್ಪಿಸಿದ್ದಕ್ಕೆ ಫಾರ್ಮ್ 29ಸಿ. ಈ ಎರಡರ ಕಾಪಿ ವಾಟ್ಸಾಪ್ ಮಾಡಿ ಅನ್ನಿ. ಸರಿಯಾದ ಡೀಲರ್ ಆದರೆ ಕಳಿಸ್ತಾರೆ. "ಅದೆಲ್ಲ ಯಾಕೆ ಸಾರ್, ನಂಬಿಕೆ ಮೇಲೆ ನಡೆಯೋದು" ಅಂದರೆ ಅಲ್ಲಿಗೇ ಬಿಡಿ.

ಆರ್‌ಸಿ ನಂಬರ್ ಸಿಕ್ಕಮೇಲೆ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ. ಎಷ್ಟನೇ ಓನರ್, ಸಾಲ ಬಾಕಿ ಇದೆಯಾ, ವಿಮೆ ಯಾವಾಗ ಮುಗಿಯುತ್ತದೆ ಅಂತ ಗೊತ್ತಾಗುತ್ತದೆ. ಬಾಕಿ ಚಲನ್ ಬೇರೆಯಾಗಿ ನೋಡಿ. ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಸಾಲ ತೀರಿದ್ದಕ್ಕೆ ಕೊಡುವ ಫಾರ್ಮ್ 35 ಕೈಗೆ ಬಂದ ಮೇಲೇ ದುಡ್ಡು. ವಿಮೆ ಪಾಲಿಸಿಯ ಕಾಪಿಯಲ್ಲಿ ನೋ ಕ್ಲೇಮ್ ಬೋನಸ್ ಸೊನ್ನೆ ಇದ್ದರೆ ಯಾಕೆ ಅಂತ ಕೇಳಿ. ನಾಲ್ಕೈದು ವರ್ಷದ ಗಾಡಿಗೆ ಬೋನಸ್ ಇಲ್ಲ ಅಂದರೆ ಕ್ಲೇಮ್ ಆಗಿರುವ ಸಾಧ್ಯತೆ ಇದೆ. ಹೊರರಾಜ್ಯದ ನಂಬರ್ ಆದರೆ ಆ ಆರ್‌ಟಿಒದ ಎನ್‌ಒಸಿ, ಅಂದರೆ ಫಾರ್ಮ್ 28 ಬೇಕು, ಇಲ್ಲಿ ಮತ್ತೆ ಲೈಫ್ ಟ್ಯಾಕ್ಸ್ ಕಟ್ಟಬೇಕು. ಕಡಿಮೆ ರೇಟು ಅಂತ ಪಾಂಡಿಚೇರಿ ನಂಬರಿನ ಗಾಡಿ ತಂದರೆ ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ.

ಈಗ ಗಾಡಿ ನೋಡೋದು. ಹಿಂದಿನ ದಿನವೇ ಹೇಳಿ, ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ. ಹೋದ ತಕ್ಷಣ ಎಂಜಿನ್ ಕವರ್ ಹತ್ತಿರ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಒಂದೆರಡು ಗಂಟೆ ಬಿಟ್ಟು ಬರ್ತೀನಿ ಅನ್ನಿ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದಾಗಲೇ ಕ್ಯಾಮ್ ಚೈನ್ (ಎಂಜಿನ್ ಒಳಗಿನ ಚೈನ್) ಸದ್ದು, ಹೊಗೆ, ಸೊರಗಿದ ಬ್ಯಾಟರಿ ಎಲ್ಲ ಕಾಣೋದು.

ಗಾಡಿ ಬಿದ್ದಿದೆಯಾ ಅಂತ ಹೇಳೋದು ಫೇರಿಂಗ್ (ಹೊರಗಿನ ಪ್ಲಾಸ್ಟಿಕ್ ಕವಚ) ಅಲ್ಲ. ಫೇರಿಂಗ್ ಬದಲಾಯಿಸಿ ಹೊಸದಾಗಿ ಕಾಣಿಸಬಹುದು. ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿ, ಫೋರ್ಕ್‌ನ (ಮುಂದಿನ ಚಕ್ರ ಹಿಡಿದಿರುವ ಜೋಡಿ ಪೈಪಿನ) ಕೆಳ ಕ್ಲಾಂಪ್ ಫ್ರೇಮಿಗೆ ತಾಗುವ ಜಾಗ ನೋಡಿ. ಆಮೇಲೆ ಬಲಕ್ಕೆ ತಿರುಗಿಸಿ ನೋಡಿ. ಅಲ್ಲಿ ಲೋಹ ಜಜ್ಜಿದ್ದರೆ, ಬಿರುಕಿದ್ದರೆ ಏಟು ಜೋರಾಗೇ ಬಿದ್ದಿದೆ. ಲಿವರ್ ತುದಿ, ಬಾರ್ ಎಂಡ್, ಫುಟ್‌ಪೆಗ್ ಉಜ್ಜಿದೆಯಾ ನೋಡಿ. ಫೋರ್ಕ್ ಪೈಪನ್ನು ಟಿಶ್ಯೂನಿಂದ ಒರೆಸಿ, ಮುಂದಿನ ಬ್ರೇಕ್ ಹಿಡಿದು ನಾಲ್ಕೈದು ಸಲ ಒತ್ತಿ. ಎಣ್ಣೆಯ ಗೆರೆ ಬಂದರೆ ಸೀಲ್ ಹೋಗಿದೆ. ಬ್ರೇಕ್ ಡಿಸ್ಕಿನ ಅಂಚಿಗೆ ಉಗುರು ಎಳೆಯಿರಿ. 18 ಸಾವಿರಕ್ಕೆ ಉಗುರು ತಡೆಯುವಷ್ಟು ಏಣು ಎದ್ದಿದ್ದರೆ ಮೀಟರ್ ಮೇಲೆ ನನಗಂತೂ ಅನುಮಾನ. ಚಾಸಿ ನಂಬರ್ ಹಿಡಿದು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಹಿಸ್ಟರಿ ಕೇಳಿ, ಬಿಲ್‌ಗಳಲ್ಲಿರುವ ಕಿ.ಮೀ. ಜೊತೆ ತಾಳೆ ನೋಡಿ. ಕಂಪನಿ ವಾಪಸ್ ಕರೆದು ಮಾಡಿಕೊಡುವ ಕೆಲಸ ಏನಾದರೂ ಬಾಕಿ ಇದೆಯಾ ಅಂತಲೂ ಅಲ್ಲೇ ಕೇಳಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2321 ಅಂದರೆ 2021ರ 23ನೇ ವಾರ ತಯಾರಾದದ್ದು. ಗುಂಡಿ (ಟೈರಿನ ಮೇಲಿನ ಅಚ್ಚು) ಎಷ್ಟೇ ಇರಲಿ, ಐದು ವರ್ಷ ಹತ್ತಿರವಾದ ರಬ್ಬರು ಗಟ್ಟಿಯಾಗಿರುತ್ತದೆ. ಮಳೆಯಲ್ಲಿ ಆಗುಂಬೆ ತಿರುವಿನಲ್ಲಿ ಅದನ್ನು ನಂಬೋಕಾಗಲ್ಲ. ಹಳೇ ಟೈರ್ ಇದ್ದರೆ ಹೊಸ ಸೆಟ್‌ನ ಬೆಲೆಯನ್ನು ಚೌಕಾಸಿಯಲ್ಲಿ ಇಳಿಸಿ. ಡೀಲರ್‌ಗೂ ಅದು ಗೊತ್ತಿರುತ್ತದೆ, ಕೇಳಿದವರಿಗೆ ಮಾತ್ರ ಇಳಿಸ್ತಾರೆ.

ಹೊಸದೇ ತಗೊಳ್ಳಲಾ ಅಂತ ಒಬ್ಬರು ಕೇಳಿದ್ದಾರೆ. 2024ರ ಡಿಸೆಂಬರ್‌ನಲ್ಲಿ ಇದರ ಮುಂದಿನ ಮಾಡೆಲ್ ನಿಂಜಾ 1100ಎಸ್‌ಎಕ್ಸ್ ಬಂದಾಗ ಎಕ್ಸ್ ಷೋರೂಮ್ 13.49 ಲಕ್ಷ ಇತ್ತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ದಾಟಿದ ಬೈಕಿಗೆ ಜಿಎಸ್‌ಟಿ 40 ಪರ್ಸೆಂಟ್. ಕರ್ನಾಟಕದಲ್ಲಿ ಒಂದು ಲಕ್ಷ ದಾಟಿದ ಬೈಕಿಗೆ ಲೈಫ್ ಟ್ಯಾಕ್ಸ್ 18 ಪರ್ಸೆಂಟ್, ಅದರ ಮೇಲೆ ಸೆಸ್. ಪವರ್ ನೋಡಿದರೆ ಹಳೇ 1000ಕ್ಕೆ 142 ಪಿಎಸ್, ಹೊಸದಕ್ಕೆ 136. ಟಾರ್ಕ್ (ಎಳೆಯುವ ಬಲ) 111ರಿಂದ 113 ನ್ಯೂಟನ್ ಮೀಟರ್ ಆಗಿದೆ, ಅಷ್ಟೇ. ನನ್ನ ಲೆಕ್ಕದಲ್ಲಿ ಚೆನ್ನಾಗಿರುವ ಹಳೆಯದೇ ಸರಿ.

ಈಗ ಸೈಲೆನ್ಸರ್, ರೀಮ್ಯಾಪ್. ನೇರವಾಗಿ ಹೇಳ್ತೀನಿ, ಬೇಡ. 1,043 ಸಿಸಿ, ನಾಲ್ಕು ಸಿಲಿಂಡರ್. ನಮ್ಮ ಯಾವ ರಸ್ತೆಯಲ್ಲೂ ಈ ಗಾಡಿಗೆ ಪವರ್ ಸಾಲದು ಅಂತ ಅನ್ನಿಸಲ್ಲ. ಜೋರು ಸದ್ದಿನ ಸೈಲೆನ್ಸರ್ ಹಾಕಿದರೆ ಪೊಲೀಸರ ಕಾಟ, ವಿಮೆ ಕ್ಲೇಮ್ ಬಂದಾಗ ತಕರಾರು. ಎಲ್ಲಕ್ಕಿಂತ ಜಾಸ್ತಿ, ಇಡೀ ದಿನ ಆ ಸದ್ದಿನ ಹಿಂದೆ ಕೂರೋದು ನಿಮ್ಮ ಮನೆಯವರು. ಆ ದುಡ್ಡನ್ನು ನೀವಿಬ್ಬರೂ ಆರಾಮವಾಗಿ ಕೂತು ಹೋಗೋದಕ್ಕೆ ಹಾಕಿ. ಇಂಥ ಸ್ಪೋರ್ಟ್ ಟೂರರ್ (ವೇಗವಾಗಿಯೂ ದೂರವೂ ಹೋಗುವ ಬೈಕ್) ತಗೊಳ್ಳೋದೇ ಅದಕ್ಕೆ ಅಲ್ವಾ?

ಮೊದಲನೆಯದು ಟೈರ್. ಮುಂದೆ 120/70, ಹಿಂದೆ 190/50, ಎರಡೂ 17 ಇಂಚು. ಸ್ಪೋರ್ಟ್ ಟೂರಿಂಗ್ ಟೈರನ್ನೇ ಹಾಕಿ. ಮಿಷೆಲಿನ್ ರೋಡ್ ಸರಣಿ, ಪಿರೆಲ್ಲಿ ಏಂಜಲ್ ಜಿಟಿ, ಮೆಟ್ಜೆಲರ್ ರೋಡ್‌ಟೆಕ್, ಯಾವುದಾದರೂ ಆಗಬಹುದು. ಇವುಗಳ ನಡುಭಾಗ ಗಟ್ಟಿ, ಪಕ್ಕ ಮೆತ್ತಗೆ. ಹೈವೇಯಲ್ಲಿ ಬೇಗ ಸವೆಯಲ್ಲ, ಘಾಟಿಯಲ್ಲಿ ಹಿಡಿತ ಇರುತ್ತದೆ. ಗಾಳಿ ಮುಂದೆ 36, ಹಿಂದೆ 42 ಪಿಎಸ್‌ಐ. ಬೆಳಗ್ಗೆ ಟೈರ್ ತಣ್ಣಗಿರುವಾಗ ನಿಮ್ಮದೇ ಗೇಜಿನಲ್ಲಿ ನೋಡಿ. ಬಂಕಿನ ಮೀಟರ್ ನಂಬಬೇಡಿ.

ಎರಡನೆಯದಕ್ಕೆ ದುಡ್ಡೇ ಬೇಡ. ಸಸ್ಪೆನ್ಷನ್ ಸೆಟ್ ಮಾಡಿಕೊಳ್ಳಿ. ಕೈಯಲ್ಲೇ ತಿರುಗಿಸುವ ಪ್ರೀಲೋಡ್ ನಾಬ್ (ಹಿಂದಿನ ಸ್ಪ್ರಿಂಗನ್ನು ಬಿಗಿ, ಸಡಿಲ ಮಾಡೋದು) ಈ ಗಾಡಿಯಲ್ಲಿದೆ. ಅದನ್ನು ಮುಟ್ಟದೇ ಓಡಿಸುವವರೇ ಜಾಸ್ತಿ. ಹೀಗೆ ಮಾಡಿ. ಹಿಂದಿನ ಚಕ್ರ ನೆಲ ಬಿಟ್ಟು ಎದ್ದಿರುವ ಹಾಗೆ ಗಾಡಿಯ ಹಿಂಭಾಗವನ್ನು ಇಬ್ಬರು ಎತ್ತಿ ಹಿಡಿಯಲಿ. ಹಿಂದಿನ ಆಕ್ಸಲ್‌ನಿಂದ ನೇರ ಮೇಲೆ ಸೀಟಿನ ಪಕ್ಕ ಒಂದು ಟೇಪ್ ಅಂಟಿಸಿ, ಅಳತೆ ತಗೊಳ್ಳಿ. 600 ಮಿ.ಮೀ. ಬಂತು ಅಂದುಕೊಳ್ಳಿ. ಈಗ ಗಾಡಿ ಇಳಿಸಿ, ನೀವು ಜಾಕೆಟ್, ಹೆಲ್ಮೆಟ್ ಸಮೇತ ಕೂತು ಕಾಲು ಮೇಲಿಡಿ. ಒಬ್ಬರು ಮುಂದೆ ಹಿಡಿದಿರಲಿ. ಮತ್ತೆ ಅಳೆದಾಗ 565 ಬಂದರೆ ವ್ಯತ್ಯಾಸ 35. 30ರಿಂದ 40 ಮಿ.ಮೀ. ಒಳಗಿದ್ದರೆ ಸರಿ. ಜಾಸ್ತಿ ಇಳಿದರೆ ಪ್ರೀಲೋಡ್ ಏರಿಸಿ, ಕಡಿಮೆ ಇದ್ದರೆ ಇಳಿಸಿ. ಒಬ್ಬರೇ ಇದ್ದಾಗ ನಾಬ್ ಎಷ್ಟು ಕ್ಲಿಕ್, ಮನೆಯವರು ಮತ್ತು ಪ್ಯಾನಿಯರ್ (ಪಕ್ಕದ ಲಗೇಜ್ ಪೆಟ್ಟಿಗೆ) ಇದ್ದಾಗ ಎಷ್ಟು ಕ್ಲಿಕ್ ಅಂತ ಬರೆದು ಸೀಟಿನ ಕೆಳಗೆ ಅಂಟಿಸಿಬಿಡಿ.

ಇಬ್ಬರು ಕೂತಾಗ ಪ್ರೀಲೋಡ್ ಏರಿಸದಿದ್ದರೆ ಮೂರು ತೊಂದರೆ ಒಟ್ಟಿಗೆ ಬರುತ್ತವೆ. ಹಿಂಭಾಗ ಕುಸಿದು ಹ್ಯಾಂಡಲ್ ಭಾರವಾಗುತ್ತದೆ. ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಗ್ರೌಂಡ್ ಕ್ಲಿಯರೆನ್ಸ್ ಮೊದಲೇ 135 ಮಿ.ಮೀ., ನಮ್ಮ ಹಳ್ಳಿ ಹಂಪ್‌ಗಳಲ್ಲಿ ಹೊಟ್ಟೆ ತಾಗುತ್ತದೆ. ನಾಬ್ ತಿರುಗಿಸಿದರೆ ಮೂರೂ ಹತೋಟಿಗೆ ಬರುತ್ತವೆ.

ಮೂರನೆಯದು ಸೀಟು. ದುಬಾರಿ ಸೀಟು ತರಿಸುವ ಮೊದಲು ನಿಮ್ಮೂರಿನ ಒಳ್ಳೆಯ ಕುಶನ್ ಕೆಲಸದವರಿಗೆ ತೋರಿಸಿ. ಮುಂದಕ್ಕೆ ಜಾರುವ ಇಳಿಜಾರನ್ನು ಸ್ವಲ್ಪ ಸಮ ಮಾಡಿಸಿ, ಗಟ್ಟಿ ಫೋಮ್ ಹಾಕಿಸಿದರೆ ಸಾಕು. ಮೆತ್ತನೆ ಫೋಮ್ ಅಂಗಡಿಯಲ್ಲಿ ಹಿತವಾಗಿರುತ್ತದೆ, ಎರಡು ಗಂಟೆಯಲ್ಲಿ ತಳ ಮುಟ್ಟುತ್ತದೆ. ಹಿಂದಿನ ಸೀಟಿಗೇ ಮೊದಲು ಮಾಡಿಸಿ.

ವಿಂಡ್‌ಸ್ಕ್ರೀನ್ ನಾಲ್ಕು ಹಂತಕ್ಕೆ ಏರಿಳಿಯುತ್ತದೆ. ಹೆಲ್ಮೆಟ್‌ಗೆ ಗಾಳಿ ದಡದಡ ಬಡಿದರೆ ಖಾಲಿ ರಸ್ತೆಯಲ್ಲಿ ಸ್ವಲ್ಪ ಬಗ್ಗಿ ನೋಡಿ, ಆಮೇಲೆ ಸ್ವಲ್ಪ ಎತ್ತರಕ್ಕೆ ಕೂತು ನೋಡಿ. ಬಗ್ಗಿದಾಗ ಶಾಂತವಾದರೆ ಎತ್ತರದ ಸ್ಕ್ರೀನ್ ಬೇಕು. ಎದ್ದಾಗ ಶಾಂತವಾದರೆ ಗಿಡ್ಡದ್ದು ಬೇಕು. ಇದನ್ನು ನೋಡದೆ ಸುಮ್ನೆ ದೊಡ್ಡ ಸ್ಕ್ರೀನ್ ತರಿಸಿದವರಿಗೆ ಬಡಿತ ಜಾಸ್ತಿ ಆದದ್ದೂ ಇದೆ.

ಉಳಿದದ್ದು ಸಣ್ಣದು. ಸೆಂಟರ್ ಸ್ಟ್ಯಾಂಡ್ ಇಲ್ಲ, ಹಿಂದಿನ ಚಕ್ರ ಎತ್ತಿ ನಿಲ್ಲಿಸುವ ಪ್ಯಾಡಾಕ್ ಸ್ಟ್ಯಾಂಡ್ ತಗೊಳ್ಳಿ, ಇಲ್ಲದಿದ್ದರೆ ಚೈನ್ ಕ್ಲೀನ್ ಮಾಡೋಕೆ ಬೇಜಾರಾಗಿ ಬಿಟ್ಟುಬಿಡ್ತೀರಿ. ಚೈನಿಗೆ ಪೆಟ್ರೋಲ್ ಹಾಕಬೇಡಿ, ಒಳಗಿನ ರಬ್ಬರ್ ರಿಂಗ್ ಹಾಳಾಗುತ್ತದೆ. ರೇಡಿಯೇಟರ್ ಗಾರ್ಡ್, ಪಂಕ್ಚರ್ ಕಿಟ್, ಸಣ್ಣ ಪಂಪ್ ಇರಲಿ. ಫಾಗ್ ಲೈಟ್ ಹಾಕಿಸುವುದಾದರೆ ರಿಲೇ ಮತ್ತು ಫ್ಯೂಸ್ ಸಮೇತ, ಮೂಲ ವೈರ್ ಕತ್ತರಿಸದೆ. ಹಾಂ, ಮೈಸೂರು ಎಕ್ಸ್‌ಪ್ರೆಸ್‌ವೇ ಕನಸು ಇಟ್ಟುಕೊಳ್ಳಬೇಡಿ. 2023ರ ಆಗಸ್ಟ್ 1ರಿಂದ ಅಲ್ಲಿ ಮುಖ್ಯ ರಸ್ತೆಗೆ ಬೈಕ್ ಬಿಡಲ್ಲ, ಸರ್ವಿಸ್ ರಸ್ತೆಯೇ ಗತಿ.

ಇನ್ನು ಸರ್ವಿಸ್. ದಾವಣಗೆರೆಯಿಂದ ಬೆಂಗಳೂರಿಗೆ 260 ಕಿ.ಮೀ. ಹೋಗಿ "ಪಾರ್ಟ್ ಬಂದಿಲ್ಲ ಸಾರ್" ಅಂತ ಕೇಳಿಸಿಕೊಳ್ಳೋದು ಬೇಡ. ಕವಾಸಕಿಯ ಪಾರ್ಟ್ಸ್ ಚಿತ್ರಗಳು ನೆಟ್‌ನಲ್ಲಿ ಸಿಗುತ್ತವೆ. ಬೇಕಾದ ಸಾಮಾನಿನ ಪಾರ್ಟ್ ನಂಬರ್ ಹುಡುಕಿ ಈಮೇಲ್ ಮಾಡಿ. ಸ್ಟಾಕ್ ಇದೆ ಅಂತ ಬರಹದಲ್ಲಿ ಉತ್ತರ ಬಂದ ಮೇಲೇ ಹೊರಡಿ. ಜಾಬ್ ಕಾರ್ಡ್ ಓದದೆ ಸಹಿ ಹಾಕಬೇಡಿ. ಎಸ್ಟಿಮೇಟ್ ದಾಟುವ ಯಾವ ಕೆಲಸಕ್ಕೂ ಮೊದಲು ವಾಟ್ಸಾಪ್‌ನಲ್ಲಿ ಕೇಳಬೇಕು, ತೆಗೆದ ಹಳೇ ಪಾರ್ಟ್ ವಾಪಸ್ ಕೊಡಬೇಕು ಅಂತ ಕಾರ್ಡಿನಲ್ಲೇ ಬರೆಸಿ.

ನನಗೆ ಒಂದು ಸರ್ವಿಸ್ ಸೆಂಟರಿನಲ್ಲಿ ಬ್ರೇಕ್ ಆಯಿಲ್ ಬದಲಾಯಿಸಿದ್ದಕ್ಕೆ ಬಿಲ್ ಹಾಕಿದ್ದರು. ಗಾಡಿ ಸರ್ವಿಸ್‌ಗೆ ಕೊಡುವ ಮೊದಲು ನಾನು ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಸ್ಕ್ರೂಗಳಿಗೆ, ಕ್ಯಾಲಿಪರ್‌ನ ಬ್ಲೀಡ್ ನಿಪ್ಪಲ್‌ಗೆ (ಹಳೇ ಆಯಿಲ್ ಹೊರತೆಗೆಯುವ ಬಾಯಿ) ಬಿಳಿ ಪೇಂಟ್ ಪೆನ್ನಿನಲ್ಲಿ ಸಣ್ಣ ಗೆರೆ ಎಳೆದು ಫೋಟೋ ತೆಗೆದಿದ್ದೆ. ವಾಪಸ್ ತಗೊಳ್ಳುವಾಗ ಒಂದು ಗೆರೆಯೂ ಮುರಿದಿರಲಿಲ್ಲ, ಆಯಿಲ್ ಅದೇ ಕಂದು ಬಣ್ಣದಲ್ಲಿತ್ತು. ಜಗಳ ಆಡಲಿಲ್ಲ. ಮ್ಯಾನೇಜರ್‌ಗೆ ಫೋಟೋ, ಬಿಲ್, ಗಾಡಿ ಮೂರನ್ನೂ ತೋರಿಸಿದೆ. ಅರ್ಧ ಗಂಟೆಯಲ್ಲಿ ನನ್ನ ಎದುರೇ ಕೆಲಸ ಆಯ್ತು. ಬ್ರೇಕ್ ವಿಷಯ ಇದು, ಸುಮ್ನೆ ಬಿಡುವಂಥದ್ದಲ್ಲ. ನೀವೂ ಗೆರೆ ಎಳೆಯಿರಿ.

ವಾಲ್ವ್ ಕ್ಲಿಯರೆನ್ಸ್ (ಎಂಜಿನ್ ವಾಲ್ವ್‌ಗಳ ಸಣ್ಣ ಸಂದಿನ ಅಳತೆ) ಚೆಕ್ ಮಾಡಿಸುವಾಗಲೂ ಹಾಗೇ. ಟ್ಯಾಂಕ್, ಏರ್ ಬಾಕ್ಸ್ ಎಲ್ಲ ಬಿಚ್ಚುವ ದೊಡ್ಡ ಕೆಲಸ. ಈ ಎಂಜಿನ್ನಿಗೆ 16 ವಾಲ್ವ್. ಅಳೆದಿದ್ದರೆ 16 ಅಳತೆ ಬರೆದ ಹಾಳೆ ಇರಲೇಬೇಕು. ಅದು ಕೈಗೆ ಬರದೆ ದುಡ್ಡು ಕೊಡಬೇಡಿ.

ಮಾತಿಗೆ ಬಗ್ಗದಿದ್ದರೆ ಡೀಲರ್‌ಗೆ ಈಮೇಲ್, ಜೊತೆಗೆ ಕಂಪನಿಯ ಕಸ್ಟಮರ್ ಕೇರ್‌ಗೆ ಕಾಪಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದೂ ಆಗದಿದ್ದರೆ ಗ್ರಾಹಕ ಆಯೋಗ. 2019ರ ಕಾಯ್ದೆ ಪ್ರಕಾರ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ. ಎರಡು ವರ್ಷದ ಒಳಗೆ ಕೊಡಬೇಕು. ಈಮೇಲ್ ಮತ್ತು ಜಾಬ್ ಕಾರ್ಡ್ ಇದ್ದವರ ಕೇಸೇ ಅಲ್ಲಿ ನಿಲ್ಲೋದು.

ಗಾಡಿ ತಗೊಂಡ ದಿನ ಹೆಸರು ವರ್ಗಾವಣೆಯ ಫಾರ್ಮ್ 29, 30 ಎರಡಕ್ಕೂ ಸಹಿ ಆಗಲಿ, ಮಾರಿದವರ ಗುರುತಿನ ಚೀಟಿ ಕಾಪಿ ತಗೊಳ್ಳಿ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಇಲ್ಲದಿದ್ದರೆ ನಿಮ್ಮ ಗಾಡಿಗೆ ಆದ ಡ್ಯಾಮೇಜ್‌ಗೆ ಕಂಪನಿ ಕೈ ಎತ್ತಬಹುದು. ಹಿಂದಿನ ಓನರ್‌ನ ಬಿಲ್ ಏನೇ ಹೇಳಲಿ, ಮೊದಲ ಜಾಬ್ ಕಾರ್ಡಿನಲ್ಲಿ ಇಷ್ಟು ಬರೆಸಿ: ಎಂಜಿನ್ ಆಯಿಲ್ ಮತ್ತು ಫಿಲ್ಟರ್, ಬ್ರೇಕ್ ಆಯಿಲ್, ಕೂಲಂಟ್, ಏರ್ ಫಿಲ್ಟರ್ ನೋಡುವುದು, ಸ್ಟೀರಿಂಗ್ ಬೇರಿಂಗ್ ಆಟ ನೋಡುವುದು, ಚೈನ್ ಸ್ಪ್ರಾಕೆಟ್. ನೋಡಿ ಬಂದ ಮೇಲೆ ಟೈರ್ ತಾರೀಕು, ಸ್ಟೀರಿಂಗ್ ತಾಗುವ ಜಾಗ, ಡಿಸ್ಕ್ ಅಂಚು, ಈ ಮೂರರ ಫೋಟೋ ಇಲ್ಲೇ ಹಾಕಿ. ರೇಟು ಎಷ್ಟು ಇಳಿಸಬಹುದು ಅಂತ ಹೇಳ್ತೀನಿ.