ಓದುಗರ ಪ್ರಶ್ನೆ: ಘಟ್ಟ ಹತ್ತುವ ಬೈಕಿಗೆ ಯಾವ ಸ್ಪಾರ್ಕ್ ಪ್ಲಗ್?

ಪ್ರಶ್ನೆ: ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಓಡಾಡುತ್ತೇನೆ. ಇಬ್ಬರು ಕೂತರೆ ಏರಿನಲ್ಲಿ ಬೈಕು ಮುಗ್ಗರಿಸುತ್ತದೆ. ಮಳೆಗಾಲಕ್ಕೆ ಹಾಟ್ ಪ್ಲಗ್ ಒಳ್ಳೆಯದು, ನಂಬರ್ ಒಂದು ಜಾಸ್ತಿ ಇರಲಿ ಎನ್ನುತ್ತಾರೆ ಅಂಗಡಿಯವರು. ಹಾಕಲೇ? ಕಿಡಿ ಹಾರುವ ಎರಡು ಎಲೆಕ್ಟ್ರೋಡುಗಳ ನಡುವಿನ ಗ್ಯಾಪ್ ಎಷ್ಟಿಡಲಿ?
– ಓದುಗರು, ಕುಮಟಾ

ಉತ್ತರ: ಹಾಕಬೇಡಿ. ಹಾಟ್ ಪ್ಲಗ್ ತುದಿಯ ಶಾಖವನ್ನು ನಿಧಾನವಾಗಿ ಬಿಡುತ್ತದೆ, ಕೋಲ್ಡ್ ಪ್ಲಗ್ ಬೇಗ ಬಿಡುತ್ತದೆ. ಈ ಗುಣವೇ ಹೀಟ್ ರೇಂಜ್; ಅದು ಎಂಜಿನ್ ನೋಡಿ ಗೊತ್ತುಮಾಡಿದ್ದು, ಮಳೆ ನೋಡಿ ಅಲ್ಲ. ನಂಬರಿನ ಲೆಕ್ಕವೂ ಕಂಪನಿಗೊಂದು ತರ: ಎನ್‌ಜಿಕೆಯಲ್ಲಿ ನಂಬರ್ ಏರಿದರೆ ಪ್ಲಗ್ ಕೋಲ್ಡ್, ಬಾಷ್‌ನಲ್ಲಿ ಏರಿದರೆ ಹಾಟ್. ಅತಿ ಹಾಟ್ ಪ್ಲಗ್ಗಿನ ತುದಿ ಏರಿನ ಎಳೆತಕ್ಕೆ ಕೆಂಪಗೆ ಕಾದು, ಕಿಡಿಗೆ ಮೊದಲೇ ಪೆಟ್ರೋಲು ಹೊತ್ತಿಕೊಂಡರೆ ಪಿಸ್ಟನ್ನೇ ತೂತಾದೀತು.

ಮ್ಯಾನುವಲ್‌ನಲ್ಲಿರುವ ಕೋಡನ್ನೇ ಪೂರ್ತಿ ಕೇಳಿ. ಎನ್‌ಜಿಕೆಯ ಸಿಆರ್7ಎಚ್‌ಎಸ್‌ಎ, ಸಿಪಿಆರ್8ಇಎ-9 ಎರಡಕ್ಕೂ 10 ಮಿ.ಮೀ. ಅಗಲದ ಥ್ರೆಡ್ಡೇ, ಆದರೆ ಮೊದಲಿನದರ ಥ್ರೆಡ್ ಉದ್ದ 12.7 ಮಿ.ಮೀ., ಎರಡನೆಯದರದು 19. ಕೂತಿತು ಎಂದು ಉದ್ದದ್ದು ಹಾಕಿದರೆ ಪಿಸ್ಟನ್ನಿಗೆ ತಾಗಬಹುದು. ಎರಡನೆಯ ಕೋಡಿನ ಕೊನೆಯ 9 ಅಂದರೆ ಗ್ಯಾಪ್ 0.9 ಮಿ.ಮೀ.

ಭಾರ ಬಿದ್ದಾಗ ಮಾತ್ರ ಮುಗ್ಗರಿಸುವುದಾದರೆ ಗ್ಯಾಪ್ ಸವೆದು ಅಗಲವಾಗಿರುವ ಅನುಮಾನವೇ ಮೊದಲು. ಎಕ್ಸಿಲರೇಟರ್ ತಿರುವಿದಷ್ಟೂ ಸಿಲಿಂಡರಿನ ಒತ್ತಡ ಏರುತ್ತದೆ, ಅದನ್ನು ದಾಟಿ ಹಾರಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಗ್ಯಾಪನ್ನು ತಂತಿ ಗೇಜಿನಿಂದ (ಗೊತ್ತಾದ ದಪ್ಪದ ತಂತಿ ತೂರಿಸಿ ನೋಡುವ ಅಳತೆ ಸಾಧನ) ಅಳೆಯಿರಿ. ಹಳೇ ಪ್ಲಗ್ಗಿನ ಎಲೆಕ್ಟ್ರೋಡ್ ಕುಳಿಬಿದ್ದಿರುವುದರಿಂದ ಚಪ್ಪಟೆ ಗೇಜು ಕಡಿಮೆ ತೋರಿಸುತ್ತದೆ. ಬಗ್ಗಿಸುವುದು ಬದಿಯ ಎಲೆಕ್ಟ್ರೋಡನ್ನು ಮಾತ್ರ. ನಡುವಿನದನ್ನು ಮೀಟಿದರೆ ಪಿಂಗಾಣಿ ಸೀಳುತ್ತದೆ. ಇರಿಡಿಯಂ ಆದರೆ ತಂತಿ ಬ್ರಷ್ಷನ್ನೂ ತಾಗಿಸಬೇಡಿ.

ತುದಿ ಕಂದು ಬಣ್ಣದಲ್ಲಿದ್ದರೆ ಸರಿ. ಒಣ ಮಸಿ ಇದ್ದರೆ ಏರ್ ಫಿಲ್ಟರ್ ನೋಡಿ. ಎಣ್ಣೆ ಜಿಡ್ಡಾದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲು, ಅದಕ್ಕೆ ಹೊಸ ಪ್ಲಗ್ ಮದ್ದಲ್ಲ. ಮಳೆಯಲ್ಲಷ್ಟೇ ತೊಂದರೆಯೇ? ಪ್ಲಗ್ ಕ್ಯಾಪ್ ಬಿರುಕು ಬಿಟ್ಟಿರಬೇಕು.

ಪ್ರಶ್ನೆ: ಸಮುದ್ರದ ಗಾಳಿಗೆ ಪ್ಲಗ್ ತುಕ್ಕು ಹಿಡಿದು ಬಿಗಿದಿದೆ. ಹೊಸದರ ಥ್ರೆಡ್ಡಿಗೆ ಗ್ರೀಸ್ ಹಚ್ಚಬಹುದೇ?
– ಓದುಗರು, ಕಾರವಾರ

ಉತ್ತರ: ಬೇಡ. ಗ್ರೀಸ್ ಜಾರುವುದರಿಂದ ಕೈಗೆ ಅಂದಾಜು ಸಿಗದೆ ಹೆಚ್ಚು ಬಿಗಿದು ಥ್ರೆಡ್ ಹಾಳಾಗುತ್ತದೆ. ಎಂಜಿನ್ ಪೂರ್ತಿ ಆರಿದ ಮೇಲೆ ಸುತ್ತಲಿನ ಮರಳನ್ನು ಊದಿ ತೆಗೆಯಿರಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕಾಯಿರಿ, ತುಸು ಬಿಚ್ಚಿ ತುಸು ಬಿಗಿದು ಆಡಿಸುತ್ತ ಹೊರತೆಗೆಯಿರಿ. ಹೊಸದನ್ನು ಕೈಯಲ್ಲೇ ಕೊನೆತನಕ ತಿರುಗಿಸಿ. ಆಮೇಲೆ ಸ್ಪ್ಯಾನರ್‌ನಿಂದ ಅರ್ಧ ಸುತ್ತು ಸಾಕು. ವಾಷರ್ ಚಪ್ಪಟೆಯಾದ ಹಳೇ ಪ್ಲಗ್ಗಾದರೆ ಗಡಿಯಾರದ ಗಂಟೆ ಮುಳ್ಳು ಒಂದು ಗಂಟೆಯಲ್ಲಿ ಸರಿಯುವಷ್ಟು.