ಉ: ತಾರಸಿಯಿಂದ ಶನಿಯ ಉಂಗುರ ಕಾಣುತ್ತಾ?

ರಾಜಾಜಿನಗರದ ತಾರಸಿಯಿಂದ ಶನಿಯ ಉಂಗುರ ಕಾಣುತ್ತಾ, '525 ಪಟ್ಟು' ಎಂದು ಬರೆದಿರುವ 70 ಮಿ.ಮೀ. ಟೆಲಿಸ್ಕೋಪ್ ಕೊಳ್ಳಲಾ ಎಂದು ಕೇಳಿದ್ದೀರಿ. ಉಂಗುರ ಖಂಡಿತ ಕಾಣುತ್ತದೆ. ಆ 525 ಮಾತ್ರ ನಂಬಬೇಡಿ. ಲೆನ್ಸಿನ ಅಗಲ ಎಷ್ಟು ಮಿ.ಮೀ. ಇದೆಯೋ ಅದರ ಎರಡರಷ್ಟು ಪಟ್ಟು ದೊಡ್ಡದಾಗಿ ತೋರಿಸುವುದೇ ಮಿತಿ, ಅಂದರೆ 140. ಅದರಾಚೆ ಸುಮ್ನೆ ಮಸುಕು. ಶನಿಗೆ 50 ಪಟ್ಟು ಸಾಕು.

ಎಷ್ಟು ಪಟ್ಟು ಎನ್ನುವುದಕ್ಕಿಂತ ಮೊದಲು ಸ್ಟ್ಯಾಂಡ್ ನೋಡಿ. ನನ್ನ ಮೊದಲನೆಯದರ ಕಾಲು ಎಷ್ಟು ಅಲ್ಲಾಡುತ್ತಿತ್ತೆಂದರೆ, ಮುಟ್ಟಿದರೆ ಸಾಕು, ಗುರು ಕಣ್ಣಿಂದಲೇ ಓಡಿಹೋಗುತ್ತಿದ್ದ! ದುಡ್ಡು ಹೊಂದಿದರೆ 130 ಮಿ.ಮೀ. ಡಾಬ್ಸೋನಿಯನ್ (ಗಟ್ಟಿಯಾದ ತಿರುಗುವ ಪೀಠದ ಮೇಲೆ ಕೂರುವ ಕನ್ನಡಿ ಟೆಲಿಸ್ಕೋಪ್) ತೆಗೆದುಕೊಳ್ಳಿ. ಇಲ್ಲದಿದ್ದರೆ 10×50 (10 ಪಟ್ಟು, 50 ಮಿ.ಮೀ. ಲೆನ್ಸ್) ಬೈನಾಕ್ಯುಲರ್, ಚಂದ್ರನ ಕುಳಿಗಳಿಗೆ ಅದೂ ಸಾಕು.

ಮಂಕು ಗ್ಯಾಲಕ್ಸಿಗಳ ಆಸೆ ನಮ್ಮೂರಿನ ಬೆಳಕಲ್ಲಿ ಬೇಡ. ಸಂಜೆಯೇ ಹತ್ತಬೇಡಿ, ಕಾಂಕ್ರೀಟ್ ಬಿಸಿ ಉಗುಳುತ್ತಾ ಚಿತ್ರ ಕುಣಿಸುತ್ತದೆ. ಹತ್ತು ಗಂಟೆ ಮೇಲೆ ನೋಡಿ.